ಸತ್ಯಾಂಶ: ಸೀರಿಯಲ್‌ಗಳನ್ನು ಸರ್ಕಾರ ಮೊದಲೇ ನೋಡಿ ಪಾಸ್ ಮಾಡುತ್ತದೆಯೇ?

ಟಿವಿಯಲ್ಲಿ ಬರುವುದನ್ನೆಲ್ಲ ಸರ್ಕಾರ ಮೊದಲೇ ನೋಡಿ ಒಪ್ಪಿರುತ್ತದೆ, ಹಾಗಾಗಿ ದೂರು ಕೊಟ್ಟರೂ ಸುಮ್ನೆ ಎಂಬ ಮೆಸೇಜ್ ಆಗಾಗ ಬರುತ್ತಿರುತ್ತದೆ. ಇದು ನಿಜವಲ್ಲ.

ಖಾಸಗಿ ಚಾನೆಲ್ ಶುರುಮಾಡಲು ಸರ್ಕಾರದ ಅನುಮತಿ ಬೇಕು. ಆದರೆ ಸೀರಿಯಲ್, ಸುದ್ದಿ, ರಿಯಾಲಿಟಿ ಶೋಗಳ ಒಂದೊಂದು ಕಂತನ್ನೂ ಸರ್ಕಾರ ಮುಂಚೆ ಪರೀಕ್ಷಿಸುವುದಿಲ್ಲ. ಸೆನ್ಸಾರ್ ಪ್ರಮಾಣಪತ್ರ ಬೇಕಿರುವುದು ಸಿನಿಮಾ, ಸಿನಿಮಾ ಹಾಡು, ಟ್ರೇಲರ್‌ನಂಥವುಗಳಿಗೆ. ಜನರಿಗೆ ಗೊಂದಲ ಆಗುವುದು ಇಲ್ಲೇ ಇರಬೇಕು. ಉಳಿದವು 1995ರ ಕೇಬಲ್ ಟಿವಿ ಕಾಯ್ದೆಯ ಕಾರ್ಯಕ್ರಮ ಸಂಹಿತೆಯನ್ನು ಪಾಲಿಸಬೇಕು. ಅಶ್ಲೀಲತೆ, ಮಕ್ಕಳನ್ನು ಕೀಳಾಗಿ ತೋರಿಸುವುದು, ಕುರುಡು ನಂಬಿಕೆಗೆ ಕುಮ್ಮಕ್ಕು ಇವೆಲ್ಲ ಅದರಲ್ಲಿ ನಿಷಿದ್ಧ.

ಅಂದರೆ ಪ್ರಸಾರವಾದ ಮೇಲೆ ನೋಡುಗರ ದೂರಿಗೆ ನಿಜಕ್ಕೂ ಬೆಲೆ ಇದೆ. ಈ ಕಾಯ್ದೆಯ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ ಮೊದಲು ಚಾನೆಲ್‌ಗೇ ದೂರು ಕೊಡಬೇಕು. ಅದು 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಬಹುದು. ಕೊನೆಯ ಹಂತದಲ್ಲಿ ಕೇಂದ್ರ ಸರ್ಕಾರದ ಮೇಲ್ವಿಚಾರಣೆ ಇರುತ್ತದೆ.

ಇಂಥ ಮೆಸೇಜ್ ಬಂದರೆ ಕಾಯ್ದೆ, ವರ್ಷ, ನಿಯಮದ ಸಂಖ್ಯೆ ಇದೆಯೇ ನೋಡಿ. ಇದ್ದರೆ ಸರ್ಕಾರಿ ವೆಬ್‌ಸೈಟ್‌ನಲ್ಲಿ ಮೂಲ ಪಠ್ಯ ತೆರೆದು ಹೋಲಿಸಿ. ಟಿವಿಯನ್ನೇ ಗಮನಿಸಿದರೂ ಗೊತ್ತಾಗುತ್ತದೆ: ಪ್ರಮಾಣಪತ್ರ ಕಾಣುವುದು ಸಿನಿಮಾದ ಶುರುವಿನಲ್ಲಿ, ಸೀರಿಯಲ್‌ಗೆ ಅಲ್ಲ ಅಲ್ವಾ?