ಬಡಿಸುವವರು ಅರವತ್ತು, ಅಡುಗೆಮನೆಯ ಬಾಗಿಲು ಒಂದೇ

ಮೊನ್ನೆ ಬಡ್ತಿಯ ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಪೇಪರ್ ಎಷ್ಟು?" ಪ್ರಕಟವಾದ ಸಂಶೋಧನಾ ಲೇಖನಗಳ ಲೆಕ್ಕ ಅದು. ಆರು ಎಂದೆ. ಹನ್ನೊಂದು ವರ್ಷಕ್ಕೆ ಆರೇ ಎಂಬಂತೆ ಹುಬ್ಬು ಮೇಲೇರಿತು. ನಾಲ್ಕು ವರ್ಷ ಕೂತು ಬರೆದ ಪ್ರೋಗ್ರಾಂ ಇದೆ ಎಂದೆ. ಅದಕ್ಕೆ ಅವರ ಫಾರಂನಲ್ಲಿ ಕಾಲಂ ಇಲ್ಲ.

ಆ ಪ್ರೋಗ್ರಾಂ ಮಲ್ಪೆ ಕಡಲನ್ನು ಲಕ್ಷಾಂತರ ಚೌಕಗಳಾಗಿ ಕತ್ತರಿಸಿ, ಒಂದೊಂದರಲ್ಲೂ ನೀರಿನ ಎತ್ತರ, ವೇಗವನ್ನು ಲೆಕ್ಕ ಹಾಕುತ್ತದೆ. ಸಾವಿರ ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ) ಕೊಟ್ಟರೆ ಕೆಲಸ ಸಾವಿರ ಪಟ್ಟು ಬೇಗ ಮುಗಿಯುತ್ತದೆ ಎಂದು ಹೊರಗಿನವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ಉಡುಪಿಯವರಿಗಂತೂ ಇದನ್ನು ವಿವರಿಸಬೇಕಿಲ್ಲ. ಸಮಾರಾಧನೆಯಲ್ಲಿ ಬಡಿಸಲು ಅರವತ್ತು ಜನ ನಿಂತರೂ ಅಡುಗೆಮನೆಯ ಬಾಗಿಲು ಒಂದೇ ಆದರೆ ಸಾರಿಗಾಗಿ ಎಲೆ ಕಾಯಲೇಬೇಕು. ನಮ್ಮ ಆ ಬಾಗಿಲು ಮೆಮೊರಿಯಿಂದ ಪ್ರೊಸೆಸರ್‌ಗೆ ಹೋಗುವ ದಾರಿ. 2022ರಲ್ಲಿ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಕೋಟಿಗಿ‌ಂತ ಹೆಚ್ಚು ಲೆಕ್ಕದ ಗಡಿ ದಾಟಿದ ಅಮೆರಿಕದ ಫ್ರಾಂಟಿಯರ್ ಸೂಪರ್ ಕಂಪ್ಯೂಟರ್ ಕೂಡ, ನಮ್ಮ ಬಗೆಯ ಲೆಕ್ಕಕ್ಕೆ ಹತ್ತಿರವಾದ ಎಚ್‌ಪಿಸಿಜಿ ಎಂಬ ವೇಗ ಪರೀಕ್ಷೆಯಲ್ಲಿ ತೋರಿಸಿದ್ದು ಅದರ ನೂರರಲ್ಲಿ ಒಂದೆರಡು ಪಾಲು.

ಒಂದು ರಾತ್ರಿ ವಿದ್ಯಾರ್ಥಿನಿ ಬಂದು, "ಸರ್, ಎರಡು ಸಲ ಓಡಿಸಿದರೆ ಕೊನೆಯ ಅಂಕಿಗಳು ಬೇರೆ ಬರುತ್ತಿವೆ" ಎಂದಳು. ಮುಖ ಬಾಡಿತ್ತು. ಒಂದರ ಮುಂದೆ ಹದಿನಾರು ಸೊನ್ನೆಯ ಸಂಖ್ಯೆಗೆ 1 ಕೂಡಿಸಿ, ಅದೇ ದೊಡ್ಡ ಸಂಖ್ಯೆಯನ್ನು ಕಳೆಯಲು ಹೇಳಿದೆ. ಸೊನ್ನೆ ಬಂತು. ಮೊದಲು ಕಳೆದು ಆಮೇಲೆ ಕೂಡಿಸಿದಾಗ 1 ಬಂತು. ಕಂಪ್ಯೂಟರ್ ಸುಮಾರು ಹದಿನಾರು ಅಂಕಿಗಳನ್ನಷ್ಟೇ ಇಟ್ಟುಕೊಳ್ಳುವುದರಿಂದ ಕೂಡಿಸುವ ಕ್ರಮ ಬದಲಾದರೆ ಮೊತ್ತವೂ ಬದಲಾಗುತ್ತದೆ. ಯಾವ ಕೋರ್‌ನ ಪಾಲು ಮೊದಲು ಬರುತ್ತದೆಂದು ಹೇಳುವಂತಿಲ್ಲ. ಕ್ರಮವನ್ನು ಕಟ್ಟಿಹಾಕಲು ನಮಗೆ ಮೂರು ತಿಂಗಳು ಹಿಡಿಯಿತು. ಪೇಪರ್ ಲೆಕ್ಕದಲ್ಲಿ ಅದು ಸೊನ್ನೆ.

ಕಂಪ್ಯೂಟರ್ ವಿಜ್ಞಾನಿ ಜಾಕ್ ಡೊಂಗಾರಾ ಅವರಿಗೆ ಆ ಕ್ಷೇತ್ರದ ಅತಿ ದೊಡ್ಡ ಗೌರವವಾದ 2021ರ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಸಂಖ್ಯಾ ಕ್ರಮವಿಧಿಗಳ (ಅಲ್ಗಾರಿದಂ) ಜೊತೆಗೆ ಇಂಥ ಗ್ರಂಥಾಲಯಗಳಿಗಾಗಿಯೇ. (ಪುಸ್ತಕದ್ದಲ್ಲ, ಎಲ್ಲರೂ ಬಳಸುವ ಸಿದ್ಧ ಪ್ರೋಗ್ರಾಂಗಳ ಗ್ರಂಥಾಲಯ.) ಅವರೂ ಸೇರಿ ಕಟ್ಟಿದ ಲ್ಯಾಪ್ಯಾಕ್ ಗ್ರಂಥಾಲಯ ಇಂದು ಲೆಕ್ಕದ ತಂತ್ರಾಂಶವಾದ ಮ್ಯಾಟ್‌ಲ್ಯಾಬ್ ಒಳಗೂ ಇದೆ. ನನ್ನನ್ನು ಸಂದರ್ಶಿಸಿದ ಸಮಿತಿಯವರೂ ಅದನ್ನು ಬಳಸಿಯೇ ಪೇಪರ್ ಬರೆದಿರುತ್ತಾರೆ.

ಅದೇ ಹುಡುಗಿ ಕಳೆದ ವಾರ, "ಪಿಎಚ್.ಡಿ. ಮಾಡಲೇ ಸರ್?" ಎಂದಳು. "ಮಾಡು. ಆದರೆ ಪ್ರೋಗ್ರಾಂನ ಒಂದೊಂದು ತುಂಡಿಗೂ ಒಂದೊಂದು ಪೇಪರ್ ಕೆತ್ತಿಕೋ" ಎಂದುಬಿಟ್ಟೆ. ಅವಳು ತಲೆಯಾಡಿಸಿ ಹೋದಳು. ನನಗೆ ಅಂದು ಊಟ ಸೇರಲಿಲ್ಲ.