ಬಚ್ಚಲಿಗೆ ಹವಾಯಿ ಚಪ್ಪಲಿ

ಒಂದೇ ಒಂದು ಕ್ಲಿಪ್ಪಿಗಾಗಿ ನಮ್ಮ ಮನೆಯ ಗೋಡೆ ಒಂದು ವಾರ ತೆರೆದೇ ಇತ್ತು. ನಾನಿರುವುದು ಕೆನಡಾದ ವಿನ್ನಿಪೆಗ್‌ನಲ್ಲಿ. ಆಗ ಜನವರಿ, ಹೊರಗೆ ಮೈನಸ್ 30 ಡಿಗ್ರಿ. ವೈರಿಂಗ್ ತಪಾಸಣೆಯ ಇನ್ಸ್‌ಪೆಕ್ಟರ್ ಬಂದರು, ಬೂಟು ಬಿಚ್ಚಿ ಬಾಗಿಲ ಹತ್ತಿರ ಇಟ್ಟರು, ಟಾರ್ಚ್ ಹಿಡಿದು ಹೊಸ ವೈರಿಂಗನ್ನು ಒಂದೊಂದೇ ಗೋಡೆ ನೋಡುತ್ತಾ ಹೋದರು. ಅಡುಗೆಮನೆಯ ಒಂದು ವೈರಿಂಗ್ ಬಾಕ್ಸ್ ಮುಂದೆ ನಿಂತು ಜೇಬಿನಿಂದ ಅಳತೆ ಟೇಪು ತೆಗೆದರು. ಬಾಕ್ಸಿನಿಂದ 300 ಮಿಲಿಮೀಟರ್ ಒಳಗೆ ಕೇಬಲ್ಲಿಗೆ ಕ್ಲಿಪ್ ಹೊಡೆದಿರಬೇಕಂತೆ. ನಮ್ಮದು ನಾಲ್ಕು ಬೆರಳು ಆಚೆ ಇತ್ತು. ಪಾಸ್ ಇಲ್ಲ ಅಂದರು. ಮಾರನೇ ದಿನ ಗೋಡೆ ಮುಚ್ಚುವವರು ಬರಬೇಕಿತ್ತು. ನನಗೆ ಮೈಯೆಲ್ಲ ಉರಿದು ಹೋಯಿತು.

ಅವತ್ತೇ ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಅಯ್ಯೋ, ಒಂದು ಕ್ಲಿಪ್ಪಿಗೆ ಇಷ್ಟೆಲ್ಲ ಮಾಡ್ತಾರಾ? ನಮ್ಮ ಬಚ್ಚಲ ನಲ್ಲಿ ಮುಟ್ಟಿದ್ರೆ ಮಳೆಗಾಲದಿಂದ ಜುಮ್ ಅಂತಿದೆ. ಹವಾಯಿ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡ್ತೀವಿ, ಏನೂ ಆಗಲ್ಲ" ಅಂದಳು.

ನಾನು ಆಮೇಲೆ ನಿದ್ದೆ ಮಾಡಲಿಲ್ಲ.

ನಮ್ಮ ಈ ಮನೆ 1920ರ ದಶಕದ್ದು. ಕೊಳ್ಳುವಾಗಲೇ ಇನ್ಶೂರೆನ್ಸ್‌ನವರು ವೈರಿಂಗ್ ಬದಲಿಸದಿದ್ದರೆ ಪಾಲಿಸಿ ಕೊಡಲ್ಲ ಅಂದಿದ್ದರು. ಪಾಲಿಸಿ ಇಲ್ಲದೆ ಬ್ಯಾಂಕ್ ಸಾಲ ಕೊಡಲ್ಲ. ಆ ಕಾಲದ ಮನೆಗಳಲ್ಲಿ ಇರುವುದು ನಾಬ್ ಆಂಡ್ ಟ್ಯೂಬ್ ಅನ್ನುವ ವೈರಿಂಗ್. ಎರಡು ತಂತಿ ಬೇರೆ ಬೇರೆಯಾಗಿ ಪಿಂಗಾಣಿ ಗುಬುಟುಗಳ ಮೇಲೆ ಓಡುತ್ತವೆ, ಮರದ ತೊಲೆ ದಾಟುವಲ್ಲಿ ಪಿಂಗಾಣಿ ಕೊಳವೆ. ಅರ್ಥ್ ತಂತಿ ಇಲ್ಲ. ಸುತ್ತ ಗಾಳಿ ಆಡುತ್ತಿದ್ದರೆ ತಂತಿಯ ಬಿಸಿ ಹೋಗುತ್ತಿರುತ್ತದೆ. ಆದರೆ ಈ ಊರಿನ ಚಳಿ ಸುಮ್ನೆ ಬಿಡುತ್ತದೆಯೇ? ಬಿಸಿ ಹೊರಗೆ ಹೋಗದಿರಲಿ ಅಂತ ಆಮೇಲೆ ಬಂದವರು ಅಟ್ಟಕ್ಕೂ ಗೋಡೆಗೂ ಹತ್ತಿಯಂಥ ಇನ್ಸುಲೇಶನ್ ತುಂಬಿದರು. ಮನೆಗೆ ಹೊದಿಸಿದ ಕಂಬಳಿ ತಂತಿಗೂ ಹೊದ್ದುಕೊಂಡಿತು. ತಂತಿಯ ಬಿಸಿಗೆ ಹೋಗಲು ದಾರಿ ಇಲ್ಲ. ಮೇಲಿನ ಬಟ್ಟೆ, ರಬ್ಬರಿನ ಹೊದಿಕೆ ನೂರು ವರ್ಷದ್ದು, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅದೂ ಪೂರ್ತಿ ಮರದ ಮನೆಯೊಳಗೆ. ನಮ್ಮ ಅಟ್ಟದಲ್ಲಿ ಒಂದು ಜಾಯಿಂಟಿನ ಪಕ್ಕ ತೊಲೆ ಅಂಗೈಯಷ್ಟು ಕಪ್ಪಾಗಿತ್ತು. ಅದನ್ನು ನೋಡಿದ ಮೇಲೆ ಇನ್ಶೂರೆನ್ಸ್‌ನವರ ಮೇಲಿದ್ದ ಸಿಟ್ಟು ಇಳಿಯಿತು.

ನಮ್ಮೂರಿನ ಮನೆಯದು ಬೇರೆ ಕಥೆ. ಅಲ್ಲಿ ಚಳಿ ಅಲ್ಲ, ನೀರು. ನಾಲ್ಕು ತಿಂಗಳು ಗೋಡೆ ಬೆವರುತ್ತದೆ, ಸ್ವಿಚ್ ಬೋರ್ಡ್ ತೇವ ಹಿಡಿಯುತ್ತದೆ, ಅಟ್ಟದಲ್ಲಿ ಇಲಿ. ಫ್ಯೂಸ್ ಹೋದರೆ ಹಳೇ ವೈರಿನಿಂದ ಎರಡು ಎಳೆ ತಾಮ್ರ ತೆಗೆದು ಕಟ್ಟುತ್ತಿದ್ದೆವು. ಮತ್ತೆ ಹೋಗಬಾರದು ಅಂತ ಮೂರು ಎಳೆ. ಹೋಗಲಿ ಅಂತಲೇ ಅಲ್ವಾ ಅದನ್ನು ಇಟ್ಟಿರುವುದು? ಪ್ರತಿ ಆಯುಧಪೂಜೆಗೆ ಮೀಟರ್ ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸುತ್ತೇವೆ. ಅದೇ ಬೋರ್ಡನ್ನು ಬಿಚ್ಚಿ ಒಳಗೆ ನೋಡಿ ಎಷ್ಟು ವರ್ಷ ಆಯ್ತು ಅಂತ ಕೇಳಿದರೆ ಅಪ್ಪಯ್ಯನಿಗೂ ನೆನಪಿಲ್ಲ. ವೈರಿಂಗ್ ಸರಿ ಇದೆ ಅಂತ ಕಾಗದಕ್ಕೆ ಸಹಿ ಹಾಕಿದವರು ಮನೆಯೊಳಗೆ ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ದುಡ್ಡಿನ ಪ್ರಶ್ನೆ ಅಲ್ಲ. ನಮ್ಮ ಕಡೆ ಮಗಳ ಮದುವೆಗೆ, ಗೃಹಪ್ರವೇಶಕ್ಕೆ ಮನೆಗೆ ಬಣ್ಣ ಹೊಡೆಸದವರಿಲ್ಲ. ಗ್ರಾನೈಟ್ ಹಾಕಿಸುತ್ತೇವೆ, ತೇಗದ ಬಾಗಿಲು ಮಾಡಿಸುತ್ತೇವೆ. ಗೋಡೆ ಮುಚ್ಚುವ ಮುಂಚೆ ಒಳಗಿರುವುದನ್ನು ಇನ್ನೊಬ್ಬರಿಗೆ ತೋರಿಸುವ ಒಂದು ಅಭ್ಯಾಸ ಮಾತ್ರ ಇಲ್ಲ.

ಮಳೆಗಾಲದಲ್ಲಿ ರಜೆ ಹಾಕಿ ಊರಿಗೆ ಹೋದೆ. ಎಲ್ಲಕ್ಕಿಂತ ಮೊದಲು ಮೇನ್ ಬೋರ್ಡಿಗೆ 30 ಮಿಲಿ ಆಂಪಿನ ಆರ್‌ಸಿಸಿಬಿ ಅನ್ನುವ ಸುರಕ್ಷತಾ ಸ್ವಿಚ್ ಹಾಕಿಸಿದೆ. ಒಳಗೆ ಹೋದ ಕರೆಂಟ್ ಅಷ್ಟೂ ವಾಪಸ್ ಬರುತ್ತಿದೆಯೋ ಇಲ್ಲವೋ ಅಂತ ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಮೈಯ ಮೂಲಕವೋ ಗೋಡೆಯ ಮೂಲಕವೋ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಹಾಕುತ್ತದೆ. ಫ್ಯೂಸಿಗೆ ಈ ಕೆಲಸ ಬರುವುದಿಲ್ಲ. ಹತ್ತಾರು ಆಂಪ್ ಹರಿದರೆ ತಾನೇ ಅದು ಸುಡುವುದು, ಮನುಷ್ಯನ ಜೀವ ತೆಗೆಯಲು ಅಷ್ಟು ಬೇಕಿಲ್ಲ.

ಹಾಕಿದ ಕೂಡಲೇ ಟ್ರಿಪ್ ಆಯಿತು. ಎತ್ತಿದರೆ ಮತ್ತೆ ಟ್ರಿಪ್. "ಇದು ಬರೀ ಕಿರಿಕಿರಿ ಸಾರ್, ತೆಗೆದು ಬಿಡಣ" ಅಂದ ವೈರಿಂಗ್ ಹುಡುಗ. ನಾನು ಬಿಡಲಿಲ್ಲ. ಒಂದೊಂದೇ ಲೈನ್ ಬಿಡಿಸುತ್ತಾ ಬಂದೆವು, ಗೀಸರ್ ಲೈನ್ ಬಿಡಿಸಿದಾಗ ನಿಂತಿತು. ಬಚ್ಚಲ ಒಲೆ ಇದ್ದರೂ ಅಪ್ಪಯ್ಯನಿಗೆ ಮಂಡಿ ನೋವು, ಕೂತು ಬೆಂಕಿ ಹಾಕಲು ಆಗಲ್ಲ ಅಂತ ಹಾಕಿಸಿದ ಗೀಸರ್ ಅದು. ಕಾಯಿಲ್ ಸೋರಿ ಕರೆಂಟು ಪೈಪಿಗೆ ಬರುತ್ತಿತ್ತು. ಭೂಮಿಗೆ ಇಳಿಸಬೇಕಾದ ಅರ್ಥ್ ತಂತಿ ಗುಂಡಿಯ ಹತ್ತಿರ ತುಕ್ಕು ಹಿಡಿದು ಕಡಿದೇ ಹೋಗಿತ್ತು. ಕೈಯಲ್ಲಿ ಹಿಡಿದರೆ ಕೆಂಪು ಪುಡಿ. ಇಷ್ಟು ದಿನ ಆ ನಲ್ಲಿಗೂ ನಮ್ಮ ಅಮ್ಮನಿಗೂ ನಡುವೆ ಇದ್ದದ್ದು ಒಂದು ಜೊತೆ ಹವಾಯಿ ಚಪ್ಪಲಿ.

ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ, ಹೊಸ ತಂತಿ ಎಳೆಸಿದೆವು. ಗೀಸರ್ ಬದಲಾಯಿಸಿದೆವು. ಎರಡು ದಿನದ ಕೆಲಸ.

ಹೌದು, ಆ ಎರಡು ದಿನದ ಬಗ್ಗೆಯೂ ಹೇಳಬೇಕು. ವೈರಿಂಗ್ ಹುಡುಗ ಮಧ್ಯಾಹ್ನ ಕರೆದರೆ ಸಂಜೆಗೆ ಬಂದ, ನಮ್ಮಲ್ಲೇ ಊಟ ಮಾಡಿದ, ಸುರಿಯುವ ಮಳೆಯಲ್ಲಿ ಗುಂಡಿಗೆ ಇಳಿದ. ಅವನಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ, ತೋರಿಸಿದ್ದನ್ನು ಒಂದೇ ಸಲಕ್ಕೆ ಕಲಿತ. ವಿನ್ನಿಪೆಗ್‌ನಲ್ಲಿ ನಾನು ಎಲೆಕ್ಟ್ರಿಷಿಯನ್‌ಗಾಗಿ ಎರಡು ತಿಂಗಳು ಕಾದಿದ್ದೆ, ಆ ಮನೆಗೆ ಸುರಿದ ದುಡ್ಡಿನಲ್ಲಿ ಊರಲ್ಲಿ ಹೊಸ ಮನೆಯ ಅಡಿಪಾಯ ಏಳುತ್ತಿತ್ತು. ನಮ್ಮ ಪ್ಲಗ್ ಪಾಯಿಂಟ್‌ಗಳಿಗೆ ಒಂದೊಂದು ಸ್ವಿಚ್ ಇರುತ್ತದೆ, ಅಲ್ಲಿನವಕ್ಕೆ ಅದೂ ಇಲ್ಲ. ಮಳೆಯ ರಾತ್ರಿ ಮರ ಬಿದ್ದು ಲೈನ್ ಹರಿದರೆ ಲೈನ್‌ಮನ್ ಬ್ಯಾಟರಿ ಹಿಡಿದು ಕಾಡಲ್ಲಿ ನಡೆದು ಬರುತ್ತಾರೆ, ಅದು ನಾನು ಚಿಕ್ಕಂದಿನಿಂದ ಕಣ್ಣಾರೆ ಕಂಡದ್ದು. ಕೈಕೆಲಸಕ್ಕೆ ನಮ್ಮಲ್ಲಿ ಕೊರತೆ ಇಲ್ಲ, ಒಪ್ಪುತ್ತೇನೆ.

ಈಗ ಅಣ್ಣ ಮಾಳಿಗೆ ಕೋಣೆಯ ವೈರಿಂಗ್ ಮಾಡಿಸುತ್ತಿದ್ದಾನೆ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವ ಕೆಲಸ ಅಮ್ಮನದು, ಒತ್ತಿದ ದಿನ ಫೋನಿನಲ್ಲಿ ಹೇಳುತ್ತಾಳೆ. ಅಣ್ಣನಿಗೆ ನಿನ್ನೆ ಮತ್ತೆ ಹೇಳಿದೆ: ಗಾರೆ ಮೆತ್ತುವ ಮುಂಚೆ ನಾಲ್ಕೂ ಗೋಡೆಯ ಫೋಟೋ ಕಳಿಸು, ನಾನು ನೋಡುವ ತನಕ ಮುಚ್ಚಬೇಡ. ರಾತ್ರಿ ಹನ್ನೊಂದಕ್ಕೆ ಹದಿನಾಲ್ಕು ಫೋಟೋ ಬಂದವು.