ಗುರುಗಳ ಹತ್ರ ರೇಟು ಮಾತಾಡೋದು

ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕರ ಪಟ್ಟಿಗೆ ಕಾಯುತ್ತಾ ಕೂತಿರುವ ಹುಡುಗ ಹುಡುಗಿಯರು ನನಗೆ ಮೆಸೇಜ್ ಮಾಡಿ ಕೇಳೋದು ಸಾಮಾನ್ಯವಾಗಿ ಒಂದೇ ಪ್ರಶ್ನೆ. "ಅಕ್ಕಾ, ಈ ಥೀಸಿಸ್ ತಿದ್ದೋದು, ಅನುವಾದ ಮಾಡೋದು, ಇದೆಲ್ಲ ನಿಮಗೆ ಎಲ್ಲಿ ಸಿಗುತ್ತೆ? ಯಾವ ಆ್ಯಪ್?" ಆ್ಯಪೂ ಇಲ್ಲ, ಗೀಪೂ ಇಲ್ಲ. ಬಳ್ಳಾರಿಯಲ್ಲಿ ಕೂತವರಿಗೆ ಈ ಕೆಲಸ ಬರೋದು ವಿಶ್ವವಿದ್ಯಾಲಯದ ಮೇಷ್ಟ್ರುಗಳಿಂದ. ಅದೂ ಮುಖಪರಿಚಯ ಇದ್ದರೆ. ಪರಿಚಯ ಮಾಡಿಕೊಳ್ಳೋದು ಅಷ್ಟೇನೂ ಕಷ್ಟ ಇಲ್ಲ. ಕೆಲಸಾನೂ ಸಿಗುತ್ತೆ. ಆಮೇಲೆ ದುಡ್ಡು ಕೇಳೋಕೆ ಬಾಯಿ ಬರಲ್ಲ ನೋಡಿ, ಇಡೀ ತೊಂದರೆ ಇರೋದು ಅಲ್ಲಿ. ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಕೆಲಸ ಎಲ್ಲಿದೆ ಅನ್ನೋದು. ನಮ್ಮ ಸುತ್ತಮುತ್ತ ವಿವಿಗಳಿಗೇನೂ ಬರ ಇಲ್ಲ. 1991ರಿಂದ ಹಂಪಿಯ ಕನ್ನಡ ವಿವಿ ಇದೆ. 2010ರಲ್ಲಿ ನಮ್ಮೂರಿನ ಕಂಟೋನ್ಮೆಂಟ್ ಕಡೆ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ ಬಂತು. ರಾಯಚೂರಲ್ಲಿ ಕೃಷಿ ವಿವಿ ಒಂದಿತ್ತು, ಈಗ ಅದರ ಜೊತೆ ಇನ್ನೊಂದು. ಕೊಪ್ಪಳಕ್ಕೂ ಒಂದು ಕೊಟ್ಟರು. 2025ರಲ್ಲಿ ಅದನ್ನ ಮುಚ್ಚುತ್ತಾರೆ ಅಂತ ಸುದ್ದಿ ಎದ್ದಾಗ ನನಗೆ ಪರಿಚಯದ ರಿಸರ್ಚ್ ಹುಡುಗರೆಲ್ಲ ನಿದ್ದೆಗೆಟ್ಟಿದ್ದರು. ಇಷ್ಟೂ ಕಡೆ ಪಿಎಚ್‌.ಡಿ ನಡೀತಿರುತ್ತೆ, ಸೆಮಿನಾರ್ ನಡೀತಿರುತ್ತೆ, ಕಾಲೇಜು, ವಿವಿಗಳ ಗುಣಮಟ್ಟ ಅಳೆಯೋ ನ್ಯಾಕ್ ತಂಡ ಬರುತ್ತೆ ಅಂತ ವರದಿ ಬರೆಯೋ ಗಡಿಬಿಡಿ ಇರುತ್ತೆ. ಪಠ್ಯಕ್ರಮ ಬದಲಾದಾಗಲೆಲ್ಲ ಪದವಿ ಪಠ್ಯಪುಸ್ತಕಗಳೂ ಬದಲಾಗುತ್ತವೆ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ಒಂದು ಸಲ, 2024ರಲ್ಲಿ ಅದನ್ನ ಬಿಟ್ಟು ಮತ್ತೆ ಮೂರು ವರ್ಷದ ಪದವಿ ಅಂತ ಇನ್ನೊಂದು ಸಲ. ವಿದ್ಯಾರ್ಥಿಗಳಿಗೆ ಗೋಳು. ಪ್ರೂಫ್ ನೋಡೋರಿಗೆ, ನಿಜ ಹೇಳ್ತೀನಿ, ಹಬ್ಬ.

ಇನ್ನು ಅಭಿನಂದನಾ ಗ್ರಂಥ. ಇದು ನಮ್ಮವರಿಗೇ ಮೀಸಲಾದ ಉದ್ಯಮ ಅನ್ನಿ. ಒಬ್ಬ ಮೇಷ್ಟ್ರು ರಿಟೈರ್ ಆಗ್ತಾರೆ ಅಂದ್ರೆ ಶಿಷ್ಯರೆಲ್ಲ ಸೇರಿ ಒಂದು ಸಮಿತಿ ಮಾಡ್ತಾರೆ. ನಾಡಿನ ಮೂಲೆಮೂಲೆಯಿಂದ ಲೇಖನ ತರಿಸ್ತಾರೆ. ಒಂದು ಲೇಖನ 'ನುಡಿ' ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು, ಒಂದು 'ಬರಹ' ಸಾಫ್ಟ್‌ವೇರಲ್ಲಿ, ಒಂದು ವಾಟ್ಸ್ಯಾಪಲ್ಲಿ ಫೋಟೋ ಹೊಡೆದು ಕಳಿಸಿದ ಕೈಬರಹ. ಒಬ್ಬರು ಅಡಿಟಿಪ್ಪಣಿ ಹಾಕಿರ್ತಾರೆ, ಇನ್ನೊಬ್ಬರು ಕೊನೆಟಿಪ್ಪಣಿ, ಮತ್ತೊಬ್ಬರಿಗೆ ಟಿಪ್ಪಣಿ ಅಂದ್ರೇನೇ ಅಲರ್ಜಿ. ಬಿಡುಗಡೆ ದಿನ ಮೊದಲೇ ಗೊತ್ತಾಗಿರುತ್ತೆ, ಮಂತ್ರಿಗಳ ಡೇಟು ಸಿಕ್ಕಿರುತ್ತೆ. ಇದನ್ನೆಲ್ಲ ಒಂದು ಅಳತೆಗೆ ತರೋ ಹೊಣೆ ಕೊನೇ ತಿಂಗಳಲ್ಲಿ ನಮ್ಮಂಥವರ ತಲೆ ಮೇಲೆ ಬೀಳುತ್ತೆ. ಇಂಥದ್ದೊಂದು ಗ್ರಂಥ ತಿದ್ದಿಕೊಟ್ಟಿದ್ದಕ್ಕೆ ನನಗೆ ಸಿಕ್ಕಿದ್ದು ವೇದಿಕೆ ಮೇಲೆ ಒಂದು ಶಾಲು, ಒಂದು ಹಾರ, ಗ್ರಂಥದ ಒಂದು ಪ್ರತಿ. ಶಾಲು ಚೆನ್ನಾಗಿದೆ, ಚಳಿಗಾಲಕ್ಕೆ ಆಗುತ್ತೆ. ಬಳ್ಳಾರಿಯಲ್ಲಿ ಚಳಿಗಾಲ ಎಷ್ಟು ದಿನ ಇರುತ್ತೆ ಅಂತ ನಿಮಗೇ ಗೊತ್ತಲ್ಲ.

ನಮ್ಮ ಕಡೆ ಈಗ ಜಾಸ್ತಿ ಬೇಡಿಕೆ ಇರೋದು ಹಳೇ ಕಡತಗಳನ್ನ ನುಡಿಯಿಂದ, ಕಂಪ್ಯೂಟರು ಕನ್ನಡವನ್ನ ಕನ್ನಡ ಅಂತಲೇ ಗುರುತಿಸೋ ಯೂನಿಕೋಡ್‌ಗೆ ತರುವ ಕೆಲಸಕ್ಕೆ. ಹೊರಗಿನವರಿಗೆ ಇದು ಬಟನ್ ಒತ್ತೋ ಕೆಲಸ ಅನಿಸುತ್ತೆ. ನುಡಿಯ ಹಳೇ ಫಾಂಟ್‌ಗಳು ಕನ್ನಡ ಅಕ್ಷರಗಳನ್ನ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತವೆ. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಹಾಗಾಗಿ ಕೃತಿಚೌರ್ಯ ನೋಡೋ ಸಾಫ್ಟ್‌ವೇರ್ ಆ ಕಡತವನ್ನ ಕನ್ನಡ ಅಂತ ಓದೋದೇ ಇಲ್ಲ. ಯೂನಿಕೋಡ್‌ಗೆ ಪರಿವರ್ತಿಸಿದರೆ ಗ್ರಂಥಋಣದಲ್ಲಿ ಇಂಗ್ಲಿಷಲ್ಲಿದ್ದ ಲೇಖಕರ ಹೆಸರೆಲ್ಲ ಅರ್ಥವಿಲ್ಲದ ಕನ್ನಡ ಆಗಿ ಕೂತಿರುತ್ತವೆ. ಒಂದೊಂದನ್ನೂ ಹಳೇ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಮತ್ತೆ ಟೈಪ್ ಮಾಡಬೇಕು. 'ಸೂರ್ಯ' ಕೆಲವು ಪುಟಗಳಲ್ಲಿ ಅರ್ಕಾವತ್ತು ಹಾಕಿಕೊಂಡಿರುತ್ತಾನೆ, ಕೆಲವು ಪುಟಗಳಲ್ಲಿ ಯ ಒತ್ತು. ಫೈಂಡ್ ಕೊಟ್ಟರೆ ಅರ್ಧ ಸೂರ್ಯರು ಸಿಗ್ತಾರೆ, ಉಳಿದರ್ಧ ಕೈಗೆ ಸಿಗಲ್ಲ. ಇದನ್ನ ಚೆನ್ನಾಗಿ ಮಾಡೋರು ನಮ್ಮ ಕಡೆ ಕಮ್ಮಿ. ಕಲಿತರೆ ಮೇಷ್ಟ್ರುಗಳೇ ನಿಮ್ಮನ್ನ ಹುಡುಕಿಕೊಂಡು ಬರ್ತಾರೆ.

ಪರಿಚಯ ಮಾಡಿಕೊಳ್ಳೋದಕ್ಕೆ ಬಯೋಡೇಟಾ ಹಿಡಿದು ವಿಭಾಗದ ಬಾಗಿಲಲ್ಲಿ ನಿಲ್ಲಬೇಡಿ. ನಿಂತವರನ್ನ ಗೆಸ್ಟ್ ಪೋಸ್ಟ್ ಕೇಳೋಕೆ ಬಂದವರು ಅಂದ್ಕೊಳ್ತಾರೆ. ಪಿಎಚ್‌.ಡಿ ವೈವಾ, ಅಂದ್ರೆ ಮೌಖಿಕ ಪರೀಕ್ಷೆ, ಸಾಮಾನ್ಯವಾಗಿ ಮುಕ್ತವಾಗಿ ನಡೆಯುತ್ತೆ, ಆಸಕ್ತಿ ಇದ್ದವರು ಹೋಗಿ ಕೂರಬಹುದು. ಹೋಗಿ. ಹೊರಗಿನ ಪರೀಕ್ಷಕರು ಯಾವ ತಪ್ಪಿಗೆ ಸಿಟ್ಟಾಗ್ತಾರೆ ಅಂತ ಕಿವಿಗೊಟ್ಟು ಕೇಳಿ. ನಾನು ಕಂಡ ಹಾಗೆ ವಾದದ ಬಗ್ಗೆ ಬರೋ ಪ್ರಶ್ನೆ ಎಷ್ಟೋ, ಕಾಗುಣಿತ ಮತ್ತು ಉಲ್ಲೇಖದ ಬಗ್ಗೆಯೂ ಅಷ್ಟೇ. ಆಮೇಲೆ ಪಿಎಚ್‌.ಡಿ ಥೀಸಿಸ್‌ಗಳನ್ನ ಇಡೋ ಶೋಧಗಂಗಾ ಜಾಲತಾಣ ತೆಗೆದು ಆ ಮಾರ್ಗದರ್ಶಕರ ಕೈಕೆಳಗೆ ಬಂದ ಹಳೇ ಥೀಸಿಸ್‌ಗಳನ್ನ ನೋಡಿ. ಅವರ ಕ್ಷೇತ್ರ ಯಾವುದು, ಉಲ್ಲೇಖದ ರೀತಿ ಯಾವುದು, ಎಲ್ಲಾ ಪುಕ್ಕಟೆ ಗೊತ್ತಾಗುತ್ತೆ. ಹಾಗಂತ ಮೇಷ್ಟ್ರ ಪುಸ್ತಕದಲ್ಲಿ ತಪ್ಪು ಗುರುತು ಹಾಕ್ಕೊಂಡು ಹೋಗಿ ತೋರಿಸಬೇಡಿ. ಒಬ್ಬ ಹುಡುಗ ಹಾಗೆ ಮಾಡಿದ್ದ. ಪಾಪ, ಅವನಿಗೆ ಟೀ ಕೂಡ ಕೊಡಲಿಲ್ಲ.

ಮೇಷ್ಟ್ರಿಗಿಂತ ಮೊದಲು ಪರಿಚಯ ಆಗಬೇಕಾದವರು ಇನ್ನೊಬ್ಬರಿದ್ದಾರೆ. ಕ್ಯಾಂಪಸ್ ಹತ್ತಿರದ ಡಿಟಿಪಿ, ಬೈಂಡಿಂಗ್ ಅಂಗಡಿಯವರು. ಯಾರ ಥೀಸಿಸ್ ಯಾವ ತಿಂಗಳು ಸಲ್ಲಿಕೆ, ಯಾರ ಗೈಡು ಸ್ಟ್ರಿಕ್ಟು, ಯಾರು ದುಡ್ಡು ಸರಿಯಾಗಿ ಕೊಡ್ತಾರೆ, ಯಾರು ಕಾಡಿಸ್ತಾರೆ, ಎಲ್ಲಾ ಅವರಿಗೆ ಗೊತ್ತು. ನನಗೆ ಬಂದ ಕೆಲಸಗಳಲ್ಲಿ ದೊಡ್ಡ ಪಾಲು "ಮೇಡಂ, ಒಬ್ಬರು ಬಂದಿದಾರೆ, ನಿಮ್ಮ ನಂಬರ್ ಕೊಡ್ಲಾ?" ಅನ್ನೋ ಫೋನಿಂದಲೇ ಶುರುವಾಗಿದ್ದು.

ಈಗ ರೇಟಿನ ಮಾತು. ದೃಶ್ಯ ಹೆಂಗಿರುತ್ತೆ ಅಂದ್ರೆ, ಮೇಷ್ಟ್ರು ಚೇಂಬರಿನಲ್ಲಿ ಕೂರಿಸ್ತಾರೆ, ಮಂಡಕ್ಕಿ ಒಗ್ಗರಣೆ ಮಿರ್ಚಿ ತರಿಸ್ತಾರೆ, ಮನೆಯವರನ್ನೆಲ್ಲ ವಿಚಾರಿಸ್ತಾರೆ. ಆಮೇಲೆ ಡ್ರಾಯರಿನಿಂದ ಇನ್ನೂರು ಪುಟದ ಕಟ್ಟು ಹೊರಗೆ ಬರುತ್ತೆ. "ಇದೊಂದ್ ಸ್ವಲ್ಪ ಕಣ್ಣಾಡ್ಸಿ ಕೊಡಮ್ಮ." ಸ್ವಲ್ಪ ಅಂದ್ರೆ ಇನ್ನೂರು ಪುಟ, ಕಣ್ಣಾಡಿಸೋದು ಅಂದ್ರೆ ವಾಕ್ಯವಾಕ್ಯ ತಿದ್ದೋದು. ಸರ್, ರೇಟು ಅಂತ ನಾವು ತೊದಲೋ ಹೊತ್ತಿಗೆ, "ಏ, ದುಡ್ಡಿಂದೇನು ದೊಡ್ಡದು? ನೀ ನಮ್ಮ ಹುಡುಗಿ ಅಲ್ಲೇನು?" ಅಂತ ಅಂದುಬಿಡ್ತಾರೆ. ಮಾತಲ್ಲಿ ಪ್ರೀತಿ ಇರುತ್ತೆ, ಅದು ಸುಳ್ಳಲ್ಲ. ಆದರೆ ಅದೇ ಮೇಷ್ಟ್ರು ಡಿಟಿಪಿ ಅಂಗಡಿಯವರ ಹತ್ರ ನೀ ನಮ್ಮ ಹುಡುಗ ಅನ್ನಲ್ಲ. ಬೈಂಡಿಂಗಿಗೆ ಚೌಕಾಸಿ ಮಾಡ್ತಾರೆ, ಮಾಡಿ ಅಲ್ಲೇ ಕೊಡ್ತಾರೆ. ಓದಿ ತಿದ್ದಿದವರಿಗೆ ಮಾತ್ರ ಆಶೀರ್ವಾದ ಯಾಕೆ? ಓದೋದು ಬರೆಯೋದು ಕೂಲಿ ಅಲ್ಲ, ವಿದ್ಯೆ ಅಂತ ನಾವೆಲ್ಲ ನಂಬಿಕೊಂಡು ಬಂದಿರೋದಕ್ಕೆ. ಈ ನಂಬಿಕೆಯಲ್ಲಿ ಮೇಷ್ಟ್ರುಗಳಿಗಿಂತ ನಮ್ಮ ಪಾಲೇ ಜಾಸ್ತಿ.

ಹಾಗಾಗಿ ಕಾಲಿಗೆ ನಮಸ್ಕಾರ ಮಾಡಿ, ಅದರಲ್ಲೇನೂ ತಪ್ಪಿಲ್ಲ. ಎದ್ದು ನಿಂತ ಮೇಲೆ ರೇಟು ಹೇಳಿ. ಮುಖ ನೋಡಿ ಹೇಳೋಕೆ ಆಗಲ್ಲ ಅಂದ್ರೆ ಮನೆಗೆ ಬಂದು ವಾಟ್ಸ್ಯಾಪ್ ಮಾಡಿ. ಒಂದು ಅಧ್ಯಾಯ ಮೊದಲು ಮಾಡಿಕೊಡ್ತೀನಿ ಸರ್, ನೋಡಿ, ಇಷ್ಟ ಆದರೆ ಇಷ್ಟು ರೇಟು, ಅರ್ಧ ಮುಂಗಡ ಅಂತ. ಪುಟದ ಲೆಕ್ಕ ಒಪ್ಪಿಕೊಳ್ಳಬೇಡಿ. ಥೀಸಿಸ್ ಪುಟದಲ್ಲಿ ಸಾಲಿನ ನಡುವೆ ಎತ್ತಿನ ಗಾಡಿ ಹೋಗೋಷ್ಟು ಜಾಗ ಇರುತ್ತೆ. ಅದೇ ರೇಟಿಗೆ ಆಮೇಲೆ ಸಣ್ಣಕ್ಷರದ ಪುಸ್ತಕ ಬಂದರೆ ಸತ್ತಿರಿ. ಪದದ ಲೆಕ್ಕ ಇಟ್ಟುಕೊಳ್ಳಿ. ಎಷ್ಟು ಸಲ ತಿದ್ದಿ ಕೊಡ್ತೀರಿ ಅಂತಲೂ ಮೊದಲೇ ಹೇಳಿ. ಇಲ್ಲಾಂದ್ರೆ ಗೈಡು ಒಂದೊಂದು ಸಲ ಅಧ್ಯಾಯ ಬದಲಿಸಿದಾಗಲೂ ನಿಮ್ಮ ರಾತ್ರಿ ಹೋಗುತ್ತೆ.

ಇಷ್ಟು ಹೇಳಿದ್ರೆ ಕೆಲವರು ಬೇಜಾರು ಮಾಡ್ಕೊಳ್ತಾರೆ, ಫೋನ್ ನಿಲ್ಲಿಸ್ತಾರೆ. ನಿಲ್ಲಿಸಲಿ. ಕೊಡೋರು ಬೇಕಾದಷ್ಟು ಜನ ಇದ್ದಾರೆ. ಒಬ್ಬ ಮೇಡಂ ಅಂತೂ ಕೆಲಸ ಕಳಿಸೋ ಮೊದಲೇ ಮುಂಗಡ ಹಾಕ್ತಾರೆ, ನನಗೇ ನಾಚಿಕೆ ಆಗೋ ಹಾಗೆ.

ಒಂದು ಕೆಲಸ ಮಾತ್ರ ಎಷ್ಟು ಕೊಟ್ಟರೂ ಬೇಡ ಅನ್ನಿ. "ಥೀಸಿಸ್ಸೇ ಬರೆದುಕೊಡಿ." ಈ ಮಾತು ಬರುತ್ತೆ, ಅದೂ ಒಳ್ಳೇ ದುಡ್ಡಿನ ಜೊತೆ ಬರುತ್ತೆ. ಸಾಫ್ಟ್‌ವೇರಿಗೆ ಸಿಗದಿರಬಹುದು, ಆದರೆ ಮೂರನೇ ಅಧ್ಯಾಯದಲ್ಲಿ ಯಾಕೆ ಹೀಗೆ ಹೇಳಿದ್ದೀರಿ ಅಂತ ವೈವಾದಲ್ಲಿ ಕೇಳಿದಾಗ ಆ ಅಭ್ಯರ್ಥಿ ಗೈಡಿನ ಮುಖ ನೋಡೋದನ್ನ ನಾನು ಕಂಡಿದೀನಿ. ಸಿಕ್ಕಿಬೀಳೋದು ಹಾಗಿರಲಿ. ಕಷ್ಟಪಟ್ಟು ಹಳ್ಳಿಹಳ್ಳಿ ತಿರುಗಿ ಮಾಹಿತಿ ತಂದು, ತಪ್ಪುತಪ್ಪಾಗಿಯಾದರೂ ತಾನೇ ಬರೆದವನ ಜೊತೆ ಇವನೂ ಅದೇ ಹುದ್ದೆಗೆ ಅರ್ಜಿ ಹಾಕ್ತಾನೆ ಅಲ್ವಾ? ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371ಜೆ ವಿಧಿಯಿಂದ ಮೀಸಲಾತಿ ಬಂದಿದ್ದು ಇಂಥವರಿಗಾಗಿ ಅಲ್ಲ.

ಇದರ ತಮ್ಮ ಇನ್ನೊಂದಿದೆ. "ಹತ್ತು ಪರ್ಸೆಂಟ್ ಒಳಗೆ ತಂದುಕೊಡಿ." 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಬೇರೆಯವರ ಬರಹದ ಜೊತೆ 10 ಪರ್ಸೆಂಟ್‌ವರೆಗಿನ ಸಾಮ್ಯಕ್ಕೆ ದಂಡ ಇಲ್ಲ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಆದರೆ ಒಂದು ವರ್ಷ ತಿದ್ದಿ ಕೊಡೋ ಹಾಗೂ ಇಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಈ ಭಯಕ್ಕೆ ಜನ ಬರ್ತಾರೆ. ಬಿಟ್ಟುಹೋದ ಉದ್ಧರಣ ಚಿಹ್ನೆ ಹಾಕೋದು, ಆಕರ ಸರಿಯಾಗಿ ಬರೆಯೋದು, ಅಭ್ಯರ್ಥಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು ನಿನ್ನ ಮಾತಲ್ಲಿ ಹೇಳು ಅಂತ ಹೇಳಿಸೋದು, ಇಷ್ಟನ್ನ ನಾನು ಮಾಡ್ತೀನಿ. ಬೇರೆಯವರ ವಾಕ್ಯದಲ್ಲಿ 'ಮುಖ್ಯ'ವನ್ನ 'ಪ್ರಮುಖ' ಮಾಡಿ ಕದ್ದ ಮಾಲಿಗೆ ಬಣ್ಣ ಬಳಿಯೋ ಕೆಲಸ ಮಾಡಲ್ಲ.

ಇತ್ತೀಚೆಗೆ ಚಾಟ್‌ಜಿಪಿಟಿ ಬೇರೆ ಬಂದಿದೆ. "ಅನುವಾದ ಆಗಿದೆ ಮೇಡಂ, ನೀವು ಬರೀ ನೋಡಿದ್ರೆ ಸಾಕು, ಅರ್ಧ ರೇಟು ಹಾಕಿ" ಅಂತಾರೆ. ಅದನ್ನ ತಿದ್ದೋದಕ್ಕಿಂತ ಹೊಸದಾಗಿ ಮಾಡೋದೇ ಬೇಗ ಆಗುತ್ತೆ ಎಷ್ಟೋ ಸಲ. ಮೊದಲು ಎರಡು ಪುಟ ತರಿಸಿಕೊಂಡು ನೋಡಿ, ಆಮೇಲೆ ರೇಟು ಹೇಳಿ.

ಕೊನೆಯದಾಗಿ ಪ್ರಾಜೆಕ್ಟ್ ಕೆಲಸ. ಐಸಿಎಸ್‌ಎಸ್‌ಆರ್‌ ಥರದ, ಸಮಾಜವಿಜ್ಞಾನ ಸಂಶೋಧನೆಗೆ ಹಣ ಕೊಡೋ ಸಂಸ್ಥೆಗಳಿಂದ ಮೇಷ್ಟ್ರುಗಳಿಗೆ ಸಂಶೋಧನಾ ಯೋಜನೆ ಸಿಕ್ಕಿರುತ್ತೆ. ಸಂದರ್ಶನದ ಆಡಿಯೋ ಕೇಳಿ ಅಕ್ಷರಕ್ಕೆ ಇಳಿಸೋದು, ಪ್ರಶ್ನಾವಳಿ ಕನ್ನಡಕ್ಕೆ ತರೋದು, ವರದಿ ತಿದ್ದೋದು, ಎಲ್ಲಾ ಇರುತ್ತೆ. ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದು, ಯಾಕಂದ್ರೆ ಇಲ್ಲಿ ದುಡ್ಡು ಮೇಷ್ಟ್ರ ಜೇಬಿಂದ ಬರಲ್ಲ, ವಿವಿ ಖಾತೆಯಿಂದ ಬರುತ್ತೆ. ಕೇಳೋಕೆ ಅವರಿಗೂ ಮುಜುಗರ ಇಲ್ಲ, ನಮಗೂ ಇಲ್ಲ. ಆದರೆ ಕಾಗದ ಪತ್ರ ಸರಿ ಇರಬೇಕು. ಪ್ಯಾನ್ ಕಾರ್ಡ್ ಕೊಡದಿದ್ದರೆ 20 ಪರ್ಸೆಂಟ್ ಟಿಡಿಎಸ್ (ದುಡ್ಡು ಕೊಡೋ ಮೊದಲೇ ಮುರಿದುಕೊಳ್ಳೋ ತೆರಿಗೆ) ಹಿಡೀತಾರೆ. ಕೊಟ್ಟರೆ ಸಾಮಾನ್ಯವಾಗಿ 10, ಅದೂ ನಿಮ್ಮ ವರಮಾನ ತೆರಿಗೆ ಮಿತಿಯೊಳಗೆ ಇದ್ದರೆ ರಿಟರ್ನ್ಸ್ ಹಾಕಿದ ಮೇಲೆ ವಾಪಸ್ ಬರುತ್ತೆ. ಏನು ಕೆಲಸ, ಎಷ್ಟು ಪದ, ಎಷ್ಟು ರೂಪಾಯಿ ಅಂತ ಬಿಲ್ ಬರೆದು ಕೊಡಿ. ಮಾರ್ಚ್ 31 ಹತ್ತಿರ ಬಂದ ಹಾಗೆ ಹಣಕಾಸು ವಿಭಾಗದಲ್ಲಿ ಯಾರೂ ಕೈಗೆ ಸಿಗಲ್ಲ. ಫೆಬ್ರವರಿಯಲ್ಲೇ ಬಿಲ್ ಕೊಟ್ಟು, ಅದರ ಜೆರಾಕ್ಸ್ ಮೇಲೆ ಸ್ವೀಕೃತಿ ಸೀಲು ಹಾಕಿಸ್ಕೊಂಡು ಬನ್ನಿ.